ಚಿರೋಟಿ ರವೆಯೋ, ಬನ್ಸಿ ರವೆಯೋ, ನುಚ್ಚೋ: ಉಪ್ಪುನೀರಿನ ಅಕ್ವೇರಿಯಂಗೆ ಯಾವ ಮರಳು?

ರಾತ್ರಿ ವೇವ್‌ಮೇಕರ್ (ತೊಟ್ಟಿಯೊಳಗೆ ನೀರು ದೂಡಿ ಅಲೆ ಎಬ್ಬಿಸುವ ಪಂಪ್) ಸ್ವಿಚ್ ಹಾಕಿ ಮಲಗಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ತೊಟ್ಟಿಯ ಎಡಗಡೆ ಮರಳೇ ಇಲ್ಲ. ತಳದ ಗಾಜು ಬೋಳಾಗಿ ಹೊಳೆಯುತ್ತಿದೆ. ಬಲಗಡೆ ಮೂಲೆಯಲ್ಲಿ ಗೇಣುದ್ದದ ದಿಬ್ಬ. ಅಮ್ಮ ಕಾಫಿ ಲೋಟ ಹಿಡಿದು ಬಂದು ನೋಡಿದರು. "ಮೀನು ಸಾಕ್ತೀನಿ ಅಂದೆ, ಅಕ್ಕಚ್ಚು ತುಂಬಿಸಿಟ್ಟಿದ್ದೀಯಲ್ಲೋ!"

ಅಲ್ಲಿಂದ ಇಲ್ಲಿಯವರೆಗೆ ಒಂದೂವರೆ ವರ್ಷ. ತೊಟ್ಟಿ ಅದೇ: ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಲೆಕ್ಕಕ್ಕೆ 190 ಲೀಟರ್. ಕಲ್ಲು, ಮರಳು ಕಳೆದರೆ ನಿಜವಾದ ನೀರು 160 ಲೀಟರ್ ಆಸುಪಾಸು. ಇದರಲ್ಲಿ ಮೂರು ಥರದ ಮರಳು, ಜೊತೆಗೆ ಮರಳೇ ಇಲ್ಲದ ಬರಿ ತಳ, ಎಲ್ಲವನ್ನೂ ಪ್ರಯೋಗ ಮಾಡಿ ಮುಗಿಸಿದೆ. ಮೀನು ಅಂದರೆ ಒಂದು ಜೋಡಿ ಕ್ಲೌನ್‌ಫಿಶ್, ಆಮೇಲೆ ಬಂದ ಒಂದು ಗೋಬಿ.

ಮೊದಲು ಹಾಕಿದ್ದು ಸಣ್ಣ ಅರಗೊನೈಟ್ ಮರಳು, ಅಂದರೆ ಹವಳ, ಚಿಪ್ಪುಗಳಲ್ಲಿರುವಂಥ ಸುಣ್ಣದ ಖನಿಜ. ಕಾಳಿನ ಗಾತ್ರ ಅರ್ಧ ಮಿಲಿಮೀಟರ್ ಸುಮಾರು, ಥೇಟ್ ಚಿರೋಟಿ ರವೆ. ಒಂದಿಂಚು ದಪ್ಪ ಹರಡಲು 15 ಕೆ.ಜಿ. ಬೇಕಾಯಿತು. ನೋಡಲು ಇದರಷ್ಟು ಚೆಂದ ಯಾವುದೂ ಇಲ್ಲ. ಹೊಲಸು ಒಳಗಿಳಿಯುವುದಿಲ್ಲ, ಮೇಲೇ ಕೂರುತ್ತದೆ, ಹಾಗಾಗಿ ಪೈಪಿನಲ್ಲಿ ಎಳೆದು ತೆಗೆಯುವುದು ಸಲೀಸು. ಆದರೆ ನೀರು ಸ್ವಲ್ಪ ಜೋರಾಗಿ ಹರಿದರೂ ಸಾಕು, ಮರಳು ಎದ್ದು ಹೊರಡುತ್ತದೆ. ಕೆಲವು ವಾರ ಕಳೆದ ಮೇಲೆ ಬ್ಯಾಕ್ಟೀರಿಯಾದ ತೆಳುವಾದ ಅಂಟು ಕಾಳುಗಳನ್ನು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ, ಆಗ ಹಾರಾಟ ಕಮ್ಮಿಯಾಗುತ್ತದೆ. ಅಲ್ಲಿಯವರೆಗೆ ತಾಳ್ಮೆ ಇರಬೇಕು. ನನಗಿರಲಿಲ್ಲ.

ಅದಕ್ಕೇ ಎರಡನೇ ಸಲ ನೇರ ಇನ್ನೊಂದು ತುದಿಗೆ ಹಾರಿದೆ. ಮೂರು ನಾಲ್ಕು ಮಿಲಿಮೀಟರಿನ ಹವಳದ ಚೂರು, ಅಂದರೆ ಅಕ್ಕಿ ನುಚ್ಚಿಗಿಂತ ದಪ್ಪ. ಪಂಪ್ ಎಷ್ಟು ಜೋರಾಗಿ ಓಡಿಸಿದರೂ ಜಪ್ಪಯ್ಯ ಅಂದರೂ ಅಲುಗಾಡಲ್ಲ. ಗೆದ್ದೆ ಅಂದುಕೊಂಡೆ. ಎರಡು ತಿಂಗಳಾದ ಮೇಲೆ ನೈಟ್ರೇಟ್ (ಹೊಲಸು ಕೊಳೆತು ನೀರಿನಲ್ಲಿ ಉಳಿಯುವ ಅಂಶ) ಪರೀಕ್ಷೆ ಮಾಡಿದರೆ ಟ್ಯೂಬಿನಲ್ಲಿ ಬಣ್ಣ ಕಡುಗೆಂಪು, 40 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 40 ಪಾಲು. ಸಣ್ಣ ಮರಳಿದ್ದಾಗ ಹತ್ತು ದಾಟಿರಲಿಲ್ಲ. ಊಟದ ಚೂರು, ಮೀನಿನ ಹಿಕ್ಕೆ ಎಲ್ಲ ಕಾಳುಗಳ ಸಂದಿಯಲ್ಲಿ ಇಳಿದು ಅಲ್ಲೇ ಕೊಳೆಯುತ್ತಿತ್ತು. ಒಂದು ಮೂಲೆಯಲ್ಲಿ ಬೆರಳಿಂದ ಕೆದಕಿದೆ ನೋಡಿ, ಬೀಡಿ ಹೊಗೆಯ ಹಾಗೆ ಕಂದು ಮೋಡ ಎದ್ದಿತು. ಹೊಸಬರಿಗೆ ಇದನ್ನು ನಾನಂತೂ ಹೇಳಲ್ಲ.

ಬೇಜಾರಾಗಿ ಎಲ್ಲ ತೆಗೆದು ಎರಡು ತಿಂಗಳು ಬರಿ ಗಾಜಿನ ತಳವನ್ನೇ ಇಟ್ಟೆ. ಶುಚಿ ಮಾಡುವುದು ಬಲು ಸುಲಭ, ಪಂಪ್ ಎಷ್ಟು ಬೇಕಾದರೂ ಜೋರಾಗಿ ಓಡಿಸಬಹುದು. ಆದರೆ ನಮ್ಮ ಮನೆಯಲ್ಲಿ ಯಾರಿಗೂ ಹಿಡಿಸಲಿಲ್ಲ. ಮರಳು ಬಾಯಿಗೆ ಹಾಕಿಕೊಂಡು ಸೋಸಿ ತಿನ್ನುವ ಗೋಬಿ ತರಬೇಕು ಎಂಬ ಆಸೆಗೂ ಕಲ್ಲು ಬಿತ್ತು. ನಾಲ್ಕಿಂಚಿಗಿಂತ ದಪ್ಪ ಮರಳು ಹಾಕುವ ಪದ್ಧತಿಯೂ ಇದೆ. ತಳದಲ್ಲಿ ಆಮ್ಲಜನಕ ಇಲ್ಲದೆ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಕಟ್ಟಿಕೊಳ್ಳಬಹುದು, ಅದಕ್ಕೇ ನಾನು ಆ ಕಡೆ ತಲೆ ಹಾಕಲಿಲ್ಲ.

ಈಗ ಇರುವುದು ನಡುವಿನದು. ಒಂದರಿಂದ ಎರಡು ಮಿಲಿಮೀಟರ್, ಬನ್ಸಿ ರವೆ. ದಪ್ಪ ಒಂದಿಂಚು ಅಷ್ಟೇ.

ಆದರೆ ಇಷ್ಟೆಲ್ಲ ಆದ ಮೇಲೆ ತಿಳಿದದ್ದೇ ಬೇರೆ. ಅರ್ಧ ತಪ್ಪು ಮರಳಿನದಲ್ಲ, ನೀರಿನ ಹರಿವಿನದು. ಮೊದಲು ನನ್ನ ಹತ್ತಿರ ಇದ್ದದ್ದು ಗಂಟೆಗೆ 8,000 ಲೀಟರ್ ದೂಡುವ ಒಂದೇ ದೊಡ್ಡ ವೇವ್‌ಮೇಕರ್. ಈಗ ಇರುವುದು 4,000 ಲೀಟರಿನ ಎರಡು. ಒಟ್ಟು ಲೆಕ್ಕ ಅದೇ, ತೊಟ್ಟಿಯ ನೀರಿನ 50 ಪಟ್ಟು. ಆದರೆ ಕೆಲಸ ಅಜಗಜಾಂತರ. ಒಂದೇ ಪಂಪ್ ಇದ್ದಾಗ ಅದರ ಎದುರಿಗೆ ಬಿರುಗಾಳಿ, ಕಲ್ಲಿನ ಹಿಂದೆ ಮಾತ್ರ ನಿಂತ ನೀರು. ಆ ನಿಂತ ಜಾಗದಲ್ಲೇ ಕೆಂಪು ಲೋಳೆಯಂಥ ಸಯನೋಬ್ಯಾಕ್ಟೀರಿಯಾ ಹಾಸಿಕೊಂಡಿತು. (ಮೊದಲ ತಿಂಗಳಲ್ಲಿ ಮರಳಿನ ಮೇಲೆ ಬರುವ ಕಂದು ಪುಡಿ ಬೇರೆ. ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ, ಸಾಮಾನ್ಯವಾಗಿ ತಾನಾಗಿ ಹೋಗುತ್ತದೆ. ನಾನು ಗಾಬರಿಯಾಗಿ ಮರಳು ಉಜ್ಜಿದ್ದೇ ಉಜ್ಜಿದ್ದು.)

ಎರಡು ಚಿಕ್ಕವನ್ನು ಹಿಂದಿನ ಎರಡು ಮೂಲೆಗಳಲ್ಲಿ, ನೀರಿನ ಮೇಲ್ಮೈಗಿಂತ ನಾಲ್ಕು ಬೆರಳು ಕೆಳಗೆ ಅಂಟಿಸಿದೆ. ಮೂತಿ ತುಸು ಮೇಲಕ್ಕೆ, ಎದುರಿನ ಗಾಜಿನ ಕಡೆಗೆ. ನೀರು ಗಾಜಿಗೆ ಬಡಿದು ಒಡೆದು ಹರಡುತ್ತದೆ, ನೇರ ಮರಳಿಗೆ ಗುಮ್ಮುವುದಿಲ್ಲ. ಮೇಲ್ಮೈ ಕದಡುವುದರಿಂದ ಆಮ್ಲಜನಕವೂ ಚೆನ್ನಾಗಿ ಬೆರೆಯುತ್ತದೆ. ನಿಂತ ನೀರು ಎಲ್ಲಿದೆ ಅಂತ ಹುಡುಕಲು ಒಂದು ಚಿಟಿಕೆ ಮೀನಿನ ಊಟ ಹಾಕಿ ಸುಮ್ನೆ ನೋಡುತ್ತಾ ಕೂರಿ. ಚೂರುಗಳು ಎಲ್ಲಿ ಸುತ್ತಿ ಸುತ್ತಿ ಇಳಿಯುತ್ತವೋ ಅದೇ ಜಾಗ. ಮೂತಿಯನ್ನು ಒಂದು ನೂಲು ತಿರುಗಿಸಿ, ಮತ್ತೆ ನೋಡಿ. ನನಗೆ ಒಂದು ಭಾನುವಾರ ಪೂರ್ತಿ ಇದರಲ್ಲೇ ಹೋಯಿತು.

ಹಾಗಂತ ಚಿರೋಟಿ ರವೆ ಕೆಟ್ಟದ್ದಲ್ಲ. ಮರಳಿನೊಳಗೆ ಹುದುಗಿ ಮಲಗುವ ರ‍್ಯಾಸ್ ಮೀನು ಸಾಕುವವರಿಗೆ ಅದೇ ಸರಿ. ಅಂಥವರು ಪಂಪನ್ನು ಅರ್ಧಕ್ಕಿಳಿಸಿ ಶುರು ಮಾಡಿ, ವಾರ ವಾರ ಸ್ವಲ್ಪ ಸ್ವಲ್ಪ ಏರಿಸಲಿ. ಗೋಬಿ ಇದ್ದರೆ ಮಾತ್ರ ಕಲ್ಲನ್ನು ಮರಳಿನ ಮೇಲಿಡಬೇಡಿ. ಮೊದಲು ಗಾಜಿನ ಮೇಲೆ ಕಲ್ಲು, ಆಮೇಲೆ ಸುತ್ತ ಮರಳು. ಇಲ್ಲದಿದ್ದರೆ ಗೋಬಿ ಕಲ್ಲಿನ ಅಡಿಪಾಯವನ್ನೇ ತೋಡಿಬಿಡುತ್ತದೆ.

ಅಂಗಡಿಯಲ್ಲಿ "ಈ ಮರಳು ಪಿಎಚ್ ಕಾಪಾಡುತ್ತೆ ಸಾರ್" ಅಂತಾರೆ. ಮರಳು ಕರಗಿದರೆ ತಾನೇ ಕಾಪಾಡುವುದು? ಪಿಎಚ್ 8.2 ಇರುವ ನೀರಿನಲ್ಲಿ ಅರಗೊನೈಟ್ ಕರಗುವುದೇ ಇಲ್ಲ ಅನ್ನಬಹುದು, ಆ ಮಾತಿಗೆ ಜಾಸ್ತಿ ದುಡ್ಡು ಕೊಡಬೇಡಿ. ಕಡಲ ದಂಡೆಯಿಂದ ಹವಳದ ಚೂರು ಆರಿಸಿ ತರುವ ಯೋಚನೆಯೂ ಬೇಡ. ಗಟ್ಟಿ ಹವಳ ನಮ್ಮಲ್ಲಿ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ.

ಎರಡು ಪಂಪಿನ ಇನ್ನೊಂದು ಲಾಭ ಬೇಸಿಗೆಯಲ್ಲಿ ಗೊತ್ತಾಯಿತು. ಒಂದನ್ನು ಇನ್ವರ್ಟರ್ ಲೈನಿಗೆ ಹಾಕಿದ್ದೇನೆ, ಅದು ತಿನ್ನುವ ಕರೆಂಟ್ ಒಂದು ಎಲ್‌ಇಡಿ ಬಲ್ಬಿನಷ್ಟು. ಮೊನ್ನೆ ಮಳೆಗೆ ನಾಲ್ಕು ಗಂಟೆ ಕರೆಂಟ್ ಇರಲಿಲ್ಲ. ಟಾರ್ಚ್ ಹಾಕಿ ನೋಡಿದೆ. ಗೋಬಿ ಬಾಯ್ತುಂಬ ಮರಳು ತುಂಬಿಕೊಂಡು ಕಿವಿರಿನಿಂದ ಉದುರಿಸುತ್ತಾ ಹೋಗುತ್ತಿತ್ತು. ಕಾಳುಗಳು ನೇರ ಕೆಳಗೇ ಬೀಳುತ್ತಿದ್ದವು.