ಅಪ್ಪನ ಮಟ್ಟಿ, ಕೋಚ್ ಮ್ಯಾಟ್: ಎರಡರಲ್ಲೂ ಬಿದ್ದವನ ಹೋಲಿಕೆ

ಮಗಳಿಗೆ ಈಗ 9 ವರ್ಷ. ಕುಸ್ತಿ ಕಲೀತೀನಿ ಅಂತ ಹಟ ಹಿಡಿದಿದ್ದಾಳೆ. ಮನೆಯಲ್ಲಿ ಇಬ್ಬರು ಪೈಲ್ವಾನರಿದ್ದೇವೆ. ಒಬ್ಬರು ಹಳೆ ಉಸ್ತಾದ್, ಅಂದರೆ ನನ್ನಪ್ಪ. ಇನ್ನೊಬ್ಬ ಅರ್ಧಕ್ಕೆ ಬಿಟ್ಟವನು, ಅಂದರೆ ನಾನು. ಹಾಗಾಗಿ ಯಾರು ಕಲಿಸಬೇಕು ಅನ್ನೋ ಪ್ರಶ್ನೆ ದಿನಾ ರಾತ್ರಿ ಊಟಕ್ಕೆ ನಮ್ಮ ಜೊತೆಯೇ ಕೂರುತ್ತಿದೆ. ಮಕ್ಕಳನ್ನು ಕರಾಟೆಗೋ ಕುಸ್ತಿಗೋ ಹಾಕಬೇಕು ಅಂತಿರುವ ಗೆಳೆಯರೂ ಇದನ್ನೇ ಕೇಳುತ್ತಾರೆ. ಕಲಿಸೋಕೆ ಬರುವ ಅಪ್ಪನೇ ಕಲಿಸಿದರೆ ಒಳ್ಳೇದಾ, ಹೊರಗೆ ಹಾಕಿದರೆ ಒಳ್ಳೇದಾ?

ನಾನು ಎರಡನ್ನೂ ಉಂಡವನು. 7ರಿಂದ 14ನೇ ವಯಸ್ಸಿನವರೆಗೆ ಮೈಸೂರಿನ ಒಂದು ಗರಡಿಯಲ್ಲಿ, ಅಪ್ಪನ ಕೈಕೆಳಗೆ. ಆಮೇಲೆ 2 ವರ್ಷ ಒಂದು ಕ್ರೀಡಾ ಹಾಸ್ಟೆಲ್ಲಿನಲ್ಲಿ, ಮ್ಯಾಟ್ ಮೇಲೆ, ಸಂಬಂಧವೇ ಇಲ್ಲದ ಕೋಚ್ ಒಬ್ಬರ ಕೈಕೆಳಗೆ.

ಗರಡಿ ಬಾಗಿಲು ಗಿಡ್ಡ. ತಲೆ ಬಗ್ಗಿಸದೆ ಒಳಗೆ ಹೋಗೋಕಾಗಲ್ಲ. ಒಳಗೆ ಅರೆಗತ್ತಲು, ಎಣ್ಣೆ, ಕರ್ಪೂರದ ವಾಸನೆ. ಗೋಡೆಯಲ್ಲಿ ಹನುಮಂತ, ನಡುವೆ ಕೆಮ್ಮಣ್ಣಿನ ಮಟ್ಟಿ. ಆ ಮಣ್ಣಿಗೆ ಅರಿಶಿನ, ತುಪ್ಪ, ಎಣ್ಣೆ, ನಿಂಬೆರಸ, ಮಜ್ಜಿಗೆ ಎಲ್ಲಾ ಬೆರೆಸಿ ಹದ ಮಾಡಿರುತ್ತಾರೆ. ಬೆಳಿಗ್ಗೆ 5ಕ್ಕೆ ಅಪ್ಪ ಕೈಗೆ ಸಲಿಕೆ ಕೊಟ್ಟು ಮಟ್ಟಿ ಅಗೆಸುತ್ತಿದ್ದರು. ಉಳಿದ ಹುಡುಗರು ಬರೋದು 5.30ಕ್ಕೆ. ಉಸ್ತಾದರ ಮಗ ಅಂದಮೇಲೆ ಅರ್ಧ ಗಂಟೆ ಜಾಸ್ತಿ, ಅಷ್ಟೇ. ಅದಾದ ಮೇಲೆ ದಂಡ, ಬಸ್ಕಿ, ಆಮೇಲೆ ಜೋರು, ಅಂದರೆ ಜೋಡಿ ಕಟ್ಟಿ ಆಡುವ ಅಭ್ಯಾಸದ ಕುಸ್ತಿ.

ಗರಡಿಯೊಳಗೆ ಅಪ್ಪಾ ಅನ್ನುವಂತಿರಲಿಲ್ಲ. ಉಸ್ತಾದ್ ಅನ್ನಬೇಕು. ಗಿಡ್ಡ ಬಾಗಿಲು ದಾಟಿ ಹೊರಗೆ ಬಂದರೆ ಮತ್ತೆ ಅಪ್ಪ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಉಸ್ತಾದರೂ ಬಾಗಿಲು ದಾಟಿ ನಮ್ಮ ಜೊತೆ ಮನೆಗೇ ಬರುತ್ತಿದ್ದರು. ನಾನು ಬಗ್ಗಿ ಶೂ ಲೇಸ್ ಕಟ್ಟಿದರೆ "ಸೊಂಟ ಮೇಲಿದೆ ನೋಡು" ಅನ್ನುತ್ತಿದ್ದರು. ಮುದ್ದೆ ಮುರಿಯುವಾಗ ನೆನಪಾಗಿ, ಬೆಳಿಗ್ಗೆ ನಾನು ಯಾಕೆ ಬಿದ್ದೆ ಅನ್ನೋದನ್ನ ಸಾರಿನ ಬಟ್ಟಲು ಪಕ್ಕಕ್ಕಿಟ್ಟು ತೋರಿಸುತ್ತಿದ್ದರು. "ಮೊದ್ಲು ಊಟ ಮಾಡ್ಲಿ ಬಿಡಿ" ಅಂತ ಅಮ್ಮ ಅಂದರೆ ಎರಡು ನಿಮಿಷ ಸುಮ್ಮನಿರುತ್ತಿದ್ದರು. ಗೆಳೆಯರಿಗೆ ಕುಸ್ತಿ 7.30ಕ್ಕೆ ಮುಗಿಯುತ್ತಿತ್ತು. ನನಗೆ ನಿದ್ದೆ ಬಂದಾಗ ಮುಗಿಯುತ್ತಿತ್ತು.

ಹಾಸ್ಟೆಲ್ಲಿನಲ್ಲಿ ಇದೊಂದು ಸುಖ. ಸೀಟಿ ಊದಿದರೆ ಶುರು, ಊದಿದರೆ ಮುಕ್ತಾಯ. ಕೋಚ್ ತಮ್ಮ ಮನೆಗೆ, ನಾವು ಮೆಸ್ಸಿಗೆ. ಮೊದಲ ವಾರ ಊಟದಲ್ಲಿ ಯಾರೂ ನನ್ನ ಸೊಂಟದ ಬಗ್ಗೆ ಮಾತಾಡದೆ ಇದ್ದದ್ದು ಎಷ್ಟು ಹಾಯಾಗಿತ್ತು ಅಂದರೆ, ಮೆಸ್ಸಿನ ನೀರು ಸಾರು ಕೂಡ ರುಚಿಯಾಗಿತ್ತು.

ಕಲಿಸುವ ರೀತಿಯಲ್ಲೂ ಅಜಗಜಾಂತರ. ಧೋಬಿ ಪಛಾಡ್ ಅನ್ನೋ ಪಟ್ಟು ತಗೊಳ್ಳಿ. ಎದುರಾಳಿ ತೋಳನ್ನು ಹೆಗಲ ಮೇಲೆಳೆದು, ಅಗಸ ಬಟ್ಟೆ ಒಗೆದ ಹಾಗೆ ಎತ್ತಿ ಒಗೆಯೋದು. ಅಪ್ಪ ಅದನ್ನ ಬಾಯಲ್ಲಿ ಹೇಳಲೇ ಇಲ್ಲ. ನನ್ನನ್ನೇ ಎತ್ತಿ ಒಗೆದರು. ಐದಾರು ಸಲ ಬಿದ್ದಮೇಲೆ "ಗೊತ್ತಾಯ್ತಾ? ಈಗ ನೀನು" ಅಂದರು. ನನಗೆ ಪಟ್ಟು ಬಂತು, ಯಾಕೆ ಬಂತು ಅಂತ ಗೊತ್ತಿರಲಿಲ್ಲ. ಕೋಚ್ ಅದನ್ನ ಮೂರು ತುಂಡು ಮಾಡಿದರು. ಮೊದಲು ಕೈ, ಆಮೇಲೆ ಕಾಲು ತಿರುಗಿಸೋದು, ಕೊನೆಗೆ ಸೊಂಟ. ಒಂದು ವಾರ ಬರೀ ಕಾಲು ತಿರುಗಿಸಿದ್ದೇ ಬಂತು. ಬೇಜಾರು. ಆದರೆ ಪಟ್ಟು ಕೈಕೊಟ್ಟಾಗ ಯಾವ ತುಂಡು ತಪ್ಪಿತು ಅಂತ ನಾನೇ ಹುಡುಕಬಲ್ಲವನಾದೆ. ಅಪ್ಪನ ಹತ್ತಿರ "ಯಾಕೆ" ಅಂತ ಕೇಳಿದರೆ ಎದುರು ಮಾತು. ಕೋಚ್ ಹತ್ತಿರ ಅದು ಬರೀ ಪ್ರಶ್ನೆ.

ಮಟ್ಟಿ, ಮ್ಯಾಟ್ ವ್ಯತ್ಯಾಸದ ಬಗ್ಗೆ ಜಾಸ್ತಿ ಹೇಳಲ್ಲ. ಮಣ್ಣಲ್ಲಿ ಬೆನ್ನು ತಾಗಿದರೆ ಮುಗೀತು, ಅಲ್ಲೀವರೆಗೆ ತಾಳ್ಮೆ. ಮ್ಯಾಟಿನಲ್ಲಿ ಈಗಿನ ಲೆಕ್ಕಕ್ಕೆ 3 ನಿಮಿಷದ ಎರಡು ಸುತ್ತು, ಕೆಡವಿದರೆ 2 ಪಾಯಿಂಟ್, 10 ಪಾಯಿಂಟ್ ಮುಂದಿದ್ದರೆ ಅಲ್ಲಿಗೇ ಫ್ರೀಸ್ಟೈಲ್ ಕುಸ್ತಿ ಖಲಾಸ್. ಮಣ್ಣಿನಿಂದ ಹೋದವನಿಗೆ ಮೊದಮೊದಲು ಉಸಿರೇ ಸಿಗಲ್ಲ.

ನನ್ನ ಪ್ರಕಾರ ನಿಜವಾದ ವ್ಯತ್ಯಾಸ ಇರೋದು ಜೋಡಿ ಕಟ್ಟುವುದರಲ್ಲಿ.

ಮೈಸೂರು ದಸರಾ ಕುಸ್ತಿ ಗೊತ್ತಿರುವವರಿಗೆ ಈ ಮಾತು ಹೊಸದಲ್ಲ. ಪಂದ್ಯಕ್ಕೆ ಮುಂಚೆ ಹಿರಿಯರು ಕೂತು ಪೈಲ್ವಾನರನ್ನು ಎದುರುಬದುರು ನಿಲ್ಲಿಸಿ, ಮೈಕಟ್ಟು ನೋಡಿ, ಇವನಿಗೆ ಇವನು ಸರಿ ಅಂತ ಜೋಡಿ ಕಟ್ಟುತ್ತಾರೆ. ಅದೆಲ್ಲ ಕಣ್ಣಂದಾಜಿನ ಕೆಲಸ. ಗರಡಿಯಲ್ಲಿ ದಿನಾ ಬೆಳಿಗ್ಗೆ ಆ ಕೆಲಸ ಉಸ್ತಾದರದ್ದು. ಅಪ್ಪನ ಕಣ್ಣು ಊರಲ್ಲೇ ಹೆಸರಾಗಿತ್ತು. ಯಾವ ಹುಡುಗನಿಗೂ ಅನ್ಯಾಯದ ಜೋಡಿ ಕಟ್ಟಿದವರಲ್ಲ. ನನ್ನೊಬ್ಬನನ್ನು ಬಿಟ್ಟು. ನನ್ನ ಸರದಿ ಬಂದರೆ ನನಗಿಂತ 8 ಕೆ.ಜಿ., 10 ಕೆ.ಜಿ. ಜಾಸ್ತಿ ಇರುವವನೇ ಎದುರಿಗೆ. "ಮಗ ಅಂತ ಸಲೀಸು ಜೋಡಿ ಕೊಟ್ಟ" ಅಂತ ಯಾರಾದರೂ ಅಂದುಬಿಟ್ಟಾರು ಅನ್ನೋ ಭಯ. ಏಳು ವರ್ಷ ನಾನು ಆ ಭಯದ ಜೊತೆ ಕುಸ್ತಿ ಆಡಿದೆ. ಸೋತು ಸೋತು ನಾನು ಕೈಲಾಗದವನು ಅಂತಲೇ ನಂಬಿದ್ದೆ.

ಹಾಸ್ಟೆಲ್ಲಿಗೆ ಹೋದ ಮೊದಲ ದಿನ ಕೋಚ್ ತೂಕದ ಯಂತ್ರದ ಮೇಲೆ ನಿಲ್ಲಿಸಿದರು. 42 ಕೆ.ಜಿ. ಪುಸ್ತಕದಲ್ಲಿ ಬರೆದುಕೊಂಡು, 42ರ ಇನ್ನೊಬ್ಬನನ್ನು ಕರೆದರು. ಮೂರು ನಿಮಿಷದೊಳಗೆ ಅವನು ಚಿತ್. ನಾನು ಎದ್ದು ನಿಂತು ಕೋಚ್ ಮುಖ ನೋಡಿದೆ. ಏನೋ ಮೋಸ ಆಗಿರಬೇಕು ಅನ್ನಿಸಿತ್ತು! ಆ ಯಂತ್ರಕ್ಕೆ ನಾನು ಯಾರ ಮಗ ಅಂತ ಗೊತ್ತಿರಲಿಲ್ಲ, ಅಷ್ಟೇ. (ಯಂತ್ರವೂ ಕಟುಕನೇ ಅನ್ನಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಫೈನಲ್ ದಿನ 100 ಗ್ರಾಂ ಜಾಸ್ತಿಯಾಯಿತು ಅಂತ ವಿನೇಶ್ ಫೋಗಟ್ ಹೊರಗೆ ಬಿದ್ದದ್ದು ಯಾರಿಗೆ ಮರೆತೀತು.)

ಹಾಗಾದರೆ ಕೋಚೇ ಮೇಲು ಅಂತೀರಾ? ತಾಳಿ.

ಎರಡನೇ ವರ್ಷ ನನ್ನ ಬಲ ಹೆಗಲು ನೋಯೋಕೆ ಶುರುವಾಯಿತು. ಹೇಳಿದೆ. ಐಸ್ ಇಡು ಅಂದರು. ಇಟ್ಟೆ. ಎರಡು ತಿಂಗಳು ಹಾಗೇ ಆಡಿದೆ. 30 ಹುಡುಗರಲ್ಲಿ ಒಬ್ಬನ ಹೆಗಲು ಯಾರ ಕಣ್ಣಿಗೂ ಬೀಳಲಿಲ್ಲ. ರಜಕ್ಕೆ ಮನೆಗೆ ಬಂದೆ. ಬಚ್ಚಲ ಬಾಗಿಲಲ್ಲಿ ಅಂಗಿ ಬಿಚ್ಚುತ್ತಿದ್ದೆ, ಮೊದಲು ಎಡಗೈ ಹೊರಗೆ ತೆಗೆದು, ಆಮೇಲೆ ಬಲಗೈಯಿಂದ ಅಂಗೀನ ಜಾರಿಸಿದೆ. ಅಷ್ಟೇ ಮಾಡಿದ್ದು. ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ ಅಪ್ಪ "ಯಾವಾಗಿಂದ?" ಅಂದರು. ಬೇರೆ ಮಾತಿಲ್ಲ. ಬಂದು ಹೆಗಲ ಹಿಂದೆ ಒಂದು ಕಡೆ ಹೆಬ್ಬೆರಳಿಟ್ಟರು. ಸರಿಯಾಗಿ ಅಲ್ಲೇ. ನನ್ನ ಕಣ್ಣಲ್ಲಿ ನೀರು ಬಂತು. ಮೂಳೆ ಡಾಕ್ಟರು ಆರು ತಿಂಗಳು ಕುಸ್ತಿ ಬೇಡ ಅಂದರು. ಆ ಆರು ತಿಂಗಳು ಮುಗಿಯೋದರೊಳಗೆ ನನಗೂ ಬೇಡ ಅನ್ನಿಸಿತು, ಅದು ಬೇರೆ ಕಥೆ.

ನನ್ನ ಸೊಂಟ ನೋಡುತ್ತಾರೆ ಅಂತ ಯಾವ ಕಣ್ಣಿನ ಮೇಲೆ ಸಿಟ್ಟಿತ್ತೋ, ಅದೇ ಕಣ್ಣು ಹೆಗಲನ್ನೂ ನೋಡಿತು. ಒಂದು ಬೇಕು ಇನ್ನೊಂದು ಬೇಡ ಅಂದರೆ ಹೇಗೆ?

ಕುಸ್ತಿಯೇ ಮನೆತನದ ವಿದ್ಯೆಯಾದ ಜಟ್ಟಿಗಳ ಮನೆಗಳಲ್ಲಿ ಯಾರು ಕಲಿಸಬೇಕು ಅನ್ನೋ ಪ್ರಶ್ನೆಯೇ ಏಳುತ್ತಿರಲಿಲ್ಲವೇನೋ. ವಿಜಯದಶಮಿ ದಿನ ಅರಮನೆ ಅಂಗಳದಲ್ಲಿ ತಲೆಯಿಂದ ರಕ್ತ ಚಿಮ್ಮಿದ ಕೂಡಲೇ ನಿಲ್ಲಿಸುವ ವಜ್ರಮುಷ್ಟಿ ಕಾಳಗ, ಮನೆಯಲ್ಲೇ ತಲೆಮಾರಿನಿಂದ ತಲೆಮಾರಿಗೆ ಬಂದ ವಿದ್ಯೆ. ಹರಿಯಾಣದ ಮಹಾವೀರ್ ಫೋಗಟ್ ಮಕ್ಕಳಿಗೆ ತಾವೇ ಕಲಿಸಿದರು, ಮಗಳು ಗೀತಾ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಳು. ಅಪ್ಪನೇ ಕಲಿಸಬೇಕು ಅನ್ನುವವರೆಲ್ಲ ಅವರನ್ನೇ ತೋರಿಸುತ್ತಾರೆ. ಅಪ್ಪನ ಹತ್ತಿರ ಕಲಿತು ಅರ್ಧಕ್ಕೆ ಬಿಟ್ಟ ನನ್ನಂಥವರನ್ನ ಯಾರೂ ತೋರಿಸಲ್ಲ.

ಮಗಳ ವಿಷಯಕ್ಕೆ ಬರೋಣ. ಅವಳಿಗೆ ನನಗಿದ್ದಷ್ಟು ಆಯ್ಕೆ ಇಲ್ಲ. ಹಳೆ ಗರಡಿಗಳಲ್ಲಿ ಹೆಣ್ಣುಮಕ್ಕಳು ಮಟ್ಟಿ ತುಳಿಯುವ ಹಾಗಿಲ್ಲ. ಈ ಕಡೆ ದಸರೆಯಲ್ಲಿ ಹೆಣ್ಣುಮಕ್ಕಳಿಗೆ ದಸರಾ ಕಿಶೋರಿ ಪಟ್ಟ ಇದೆ, 2004ರಿಂದ ಒಲಿಂಪಿಕ್ಸ್‌ನಲ್ಲೂ ಮಹಿಳಾ ಕುಸ್ತಿ ಇದೆ, ಆ ಕಡೆ ಗರಡಿಯ ಗಿಡ್ಡ ಬಾಗಿಲು ಮಾತ್ರ ಅವಳಿಗೆ ಮುಚ್ಚಿದೆ. ಇದು ಸರಿಯಲ್ಲ ಅಂತ ಅಪ್ಪನಿಗೆ ಹೇಳಿದ್ದೇನೆ. ಅವರು ಉತ್ತರ ಕೊಡಲಿಲ್ಲ. ಮಾರನೇ ದಿನ ಎರಡು ಹಳೆ ಹತ್ತಿ ಹಾಸಿಗೆ ತಾರಸಿಗೆ ಹೊತ್ತು ಹಾಕಿದ್ದರು.

ಮೂರು ತಿಂಗಳು ತಾರಸಿಯಲ್ಲೇ ನಡೆಯಿತು. ಮೊದಲು ನಾನು ಕಲಿಸಿದೆ. ಎರಡನೇ ವಾರಕ್ಕೇ ಊಟದ ಹೊತ್ತಲ್ಲಿ ನನ್ನ ಬಾಯಿಂದ "ಸೊಂಟ" ಅನ್ನೋ ಮಾತು ಬಂತು. ಹೆಂಡತಿ ನನ್ನ ಕಡೆ ನೋಡಿದಳು. ಅಲ್ಲಿಗೆ ನಾನು ರಾಜೀನಾಮೆ ಕೊಟ್ಟೆ. ಆಮೇಲೆ ಅಪ್ಪ ಶುರು ಮಾಡಿದರು. 68 ವರ್ಷದ ಉಸ್ತಾದರು ಮೊಮ್ಮಗಳು ಕಾಲು ಹಿಡಿದ ಕೂಡಲೇ ಧೊಪ್ಪನೆ ಬೀಳುತ್ತಾರೆ. ದಿನಾ ಬೀಳುತ್ತಾರೆ. ನನ್ನೆದುರು ಏಳು ವರ್ಷದಲ್ಲಿ ಒಂದು ಸಲವೂ ಸುಮ್ನೆ ಬಿದ್ದವರಲ್ಲ. ಅವಳು ಖುಷಿಯಾಗಿದ್ದಾಳೆ, ಆದರೆ ಕಲಿತದ್ದು ಅಷ್ಟಕ್ಕಷ್ಟೇ. ಎದುರಿಗಿರುವವರು ತಾವಾಗೇ ಬಿದ್ದರೆ ಪಟ್ಟು ಹಾಕೋದು ಯಾಕೆ?

ಕೊನೆಗೆ ಹೊರಗೇ ಹಾಕಿದೆವು. ವಾರಕ್ಕೆ 4 ದಿನ ಮ್ಯಾಟ್, ಹೆಣ್ಣುಮಕ್ಕಳಿಗೆ ಕಲಿಸಿ ಅನುಭವ ಇರುವ ಕೋಚ್. ಮನೆಯಲ್ಲಿ ಅವಳ ಕುಸ್ತಿಯ ಬಗ್ಗೆ ಅವಳಾಗೇ ಎತ್ತಿದರೆ ಮಾತ್ರ ಮಾತು. ಭಾನುವಾರ ಬೆಳಿಗ್ಗೆ ತಾರಸಿಯ ಮೇಲೆ ಅಜ್ಜನ ಕಣ್ಣಿನ ಪರೀಕ್ಷೆ. ಅಲ್ಲಿ ಕಲಿಸುವಂತಿಲ್ಲ, ಎಲ್ಲಾದರೂ ನೋವಿದೆಯಾ ಅಂತ ನೋಡೋದಷ್ಟೇ. ಎರಡು ದಾರಿಯಲ್ಲಿ ನನಗೆ ದಕ್ಕಿದ್ದನ್ನ ಹೀಗೆ ಹೊಲಿದು ಅವಳಿಗೆ ಕೊಟ್ಟಿದ್ದೇನೆ. ನಡೆಯುತ್ತದೋ ಇಲ್ಲವೋ, ಶುರುವಾಗಿ ಇನ್ನೂ ಒಂದು ತಿಂಗಳಾಗಿಲ್ಲ.

ಮೊದಲ ದಿನ ಅಪ್ಪನೂ ಜೊತೆಗೆ ಬಂದರು. ಬಾಯಿ ಬಿಡಲ್ಲ ಅಂತ ಮಾತು ಕೊಟ್ಟು ಬಂದಿದ್ದರು. ಕೋಚ್ ಹುಡುಗಿಯರನ್ನು ತೂಕಕ್ಕೆ ನಿಲ್ಲಿಸಿದರು. ನನ್ನ ಮಗಳು 27 ಕೆ.ಜಿ. ಇದ್ದಳು. ಅಷ್ಟೇ ತೂಕದ ಇನ್ನೊಬ್ಬಳನ್ನು ಕರೆದು ಎದುರಿಗೆ ನಿಲ್ಲಿಸಿದರು. ಅಪ್ಪ ಆ ಹುಡುಗಿಯನ್ನ ಕಾಲಿಂದ ತಲೆವರೆಗೆ ನೋಡಿದರು. ಆಮೇಲೆ ಮೆಲ್ಲಗೆ ಕೋಚ್ ಪಕ್ಕಕ್ಕೆ ಹೋಗಿ, "ಇನ್ನೂ ಸ್ವಲ್ಪ ದಪ್ಪ ಇರೋರು ಯಾರೂ ಇಲ್ವಾ?" ಅಂದರು.