ಕಣ್ಣು ಹೊರಳಿದ ಸದ್ದು ಕೇಳುತ್ತದೆ ಎಂದಾಗ ನಂಬಿದ ತಪಾಸಣಾ ಕೇಂದ್ರ

ಬಲಗಿವಿಯಲ್ಲಿ ನನ್ನದೇ ದನಿ ಮೊಳಗುತ್ತದೆ, ನಡೆದರೆ ಹಿಮ್ಮಡಿಯ ಸದ್ದು ತಲೆಯೊಳಗೆ ಕೇಳುತ್ತದೆ, ಕಣ್ಣು ಹೊರಳಿಸಿದರೂ ಏನೋ ಉಜ್ಜಿದಂಥ ಶಬ್ದ ಬರುತ್ತದೆ ಎಂದು ಹೇಳಿಕೊಂಡಾಗಲೆಲ್ಲ, ಈ ಹಿಂದೆ ತೋರಿಸಿದ ಕಡೆಗಳಲ್ಲಿ ಅದನ್ನು ಆತಂಕವೆಂದು ತಳ್ಳಿಹಾಕಿದ್ದರು. ಶ್ರವಣ ಮತ್ತು ಸಮತೋಲನದ ತಪಾಸಣೆಗೆಂದೇ ಇರುವ ಈ ಕೇಂದ್ರದ ಆಡಿಯಾಲಜಿಸ್ಟ್ ಆ ಮಾತುಗಳನ್ನು ಹಾಗೆಯೇ ಬರೆದುಕೊಂಡು, ಜೋರು ಸದ್ದಿಗೆ ತಲೆ ಸುತ್ತುವುದುಂಟೇ, ಕೆಮ್ಮಿದಾಗ ಎದುರಿನ ನೋಟ ಅಲುಗಿದಂತೆ ಆಗುತ್ತದೆಯೇ ಎಂದು ಕೇಳಿದರು. ಎರಡೂ ಇದ್ದವು.

ಶ್ರವಣ ಪರೀಕ್ಷೆಯಲ್ಲಿ ಕೆಳಸ್ಥಾಯಿಯ ಸದ್ದುಗಳು ಗಾಳಿಯ ಮೂಲಕ ಮಂದವಾಗಿಯೂ ಮೂಳೆಯ ಮೂಲಕ ಸಾಮಾನ್ಯಕ್ಕಿಂತ ಚೆನ್ನಾಗಿಯೂ ಕೇಳಿಸಿದವು. ಇಷ್ಟನ್ನೇ ನೋಡಿದರೆ ನಡುಗಿವಿಯ ಸ್ಟೇಪಿಸ್ ಮೂಳೆ ಬಿಗಿದುಕೊಳ್ಳುವ ಓಟೋಸ್ಕ್ಲಿರೋಸಿಸ್ ಎಂದು ತಪ್ಪು ತಿಳಿಯುವ ಸಾಧ್ಯತೆಯಿದೆ. ಆದರೆ ಸದ್ದಿಗೆ ನಡುಗಿವಿಯ ಸ್ನಾಯು ಪ್ರತಿಕ್ರಿಯಿಸುವ ಬಗೆ ಸರಿಯಾಗಿಯೇ ಇದ್ದುದರಿಂದ ಇಲ್ಲಿಯವರು ಅಲ್ಲಿಗೆ ನಿಲ್ಲಲಿಲ್ಲ. ಸದ್ದು ಕೇಳಿಸಿ ಸ್ನಾಯುವಿನ ಸ್ಪಂದನೆಯನ್ನು ಅಳೆಯುವ ವೆಂಪ್ ಪರೀಕ್ಷೆ ಮಾಡಿದರು, ಕತ್ತಿನ ಸ್ನಾಯು ಸಾಮಾನ್ಯವಾಗಿ ಬೇಕಾಗುವುದಕ್ಕಿಂತ ಕಡಿಮೆ ಸದ್ದಿಗೇ ಸ್ಪಂದಿಸಿತು. ಆಮೇಲೆ ಒಂದು ಮಿಲಿಮೀಟರಿಗಿಂತ ತೆಳುವಾದ ಪದರಗಳ ಸಿ.ಟಿ. ಸ್ಕ್ಯಾನ್ ಮಾಡಿಸಿ, ಒಳಕಿವಿಯ ಸಮತೋಲನದ ನಾಳ ಬಾಗಿರುವ ದಿಕ್ಕಿನಲ್ಲೇ ಚಿತ್ರಗಳನ್ನು ಮರುಜೋಡಿಸಿದರು. ದಪ್ಪ ಪದರಗಳಲ್ಲಿ ತೆಳುಮೂಳೆ ಇದ್ದರೂ ಇಲ್ಲದಂತೆ ಕಾಣಬಹುದಂತೆ.

ಒಳಕಿವಿಯ ಮೂರು ಅರ್ಧವೃತ್ತಾಕಾರದ ನಾಳಗಳಲ್ಲಿ ಮೇಲಿನದಕ್ಕೆ ಮೂಳೆಯ ಹೊದಿಕೆ ಒಂದೆಡೆ ಇರಲಿಲ್ಲ. ಸಹಜವಾಗಿ ಒಳಕಿವಿಗೆ ಎರಡು ಕಿಂಡಿಗಳಿರುತ್ತವೆ, ಇಂಥ ತೂತು ಮೂರನೆಯ ಕಿಂಡಿಯಾಗಿ ಸದ್ದಿನ ಒತ್ತಡವನ್ನು ಸಮತೋಲನದ ನಾಳದತ್ತ ಹರಿಯಬಿಡುತ್ತದೆ ಎಂದು ವೈದ್ಯರು ಚಿತ್ರ ಬರೆದು ತೋರಿಸಿದರು. 1998ರಲ್ಲಿ ಅಮೆರಿಕದ ಕಿವಿ ತಜ್ಞ ಲಾಯ್ಡ್ ಮೈನರ್ ಮತ್ತು ಸಂಗಡಿಗರು ವಿವರಿಸಿದ, ಸುಪೀರಿಯರ್ ಕೆನಾಲ್ ಡಿಹಿಸೆನ್ಸ್ ಎಂಬ ತೊಂದರೆಯಿದು ಎಂದು ತಿಳಿದಾಗ, ನನ್ನ ಅನುಭವಕ್ಕೊಂದು ಹೆಸರಿದೆಯೆಂಬ ಸಮಾಧಾನಕ್ಕೆ ಕಣ್ಣು ತುಂಬಿಬಂತು.

ಕೊರತೆಗಳೂ ಇವೆ. ಕಿವಿಗೆ ಬಿಸಿ ಮತ್ತು ತಣ್ಣನೆಯ ನೀರು ಹಾಯಿಸುವ ಪರೀಕ್ಷೆಯಿಂದ ತೀವ್ರವಾಗಿ ತಲೆ ಸುತ್ತುತ್ತದೆ, ಜೊತೆಗೊಬ್ಬರನ್ನು ಕರೆತನ್ನಿ ಎಂದು ಮೊದಲೇ ತಿಳಿಸಬೇಕಿತ್ತು. ಒಬ್ಬಳೇ ಹೋಗಿದ್ದ ನಾನು ಬಹಳ ಹೊತ್ತು ಗೋಡೆ ಹಿಡಿದು ಕುಳಿತಿದ್ದೆ. ವರದಿಯೂ ರೋಗಿಗೆ ಅರ್ಥವಾಗುವ ಭಾಷೆಯಲ್ಲಿಲ್ಲ.

ನಾಳವನ್ನು ಮುಚ್ಚುವ ಶಸ್ತ್ರಚಿಕಿತ್ಸೆಯ ಬಗ್ಗೆ ಅವರು ಅವಸರಪಡಿಸಲಿಲ್ಲ. ಶ್ರವಣ ಕುಗ್ಗುವ ಅಪಾಯವನ್ನೂ ಮುಚ್ಚಿಡದೆ ಹೇಳಿ, ತೊಂದರೆ ದಿನದ ಬದುಕನ್ನು ಎಷ್ಟು ಕೆಡಿಸುತ್ತಿದೆಯೆಂಬುದನ್ನು ನಾನೇ ಅಳೆಯುವಂತೆ ಬಿಟ್ಟರು. ಸದ್ಯಕ್ಕೆ ಭಾರ ಎತ್ತುವುದನ್ನೂ ಜೋರು ಸದ್ದನ್ನೂ ದೂರವಿಟ್ಟಿದ್ದೇನೆ. ಮುಂದಿನ ತಪಾಸಣೆಗೂ ಇಲ್ಲಿಗೇ ಹೋಗುವೆ.