ಹಳೆ ಕ್ಷೌರಕತ್ತಿಗೆ ನಾರ್ಟನ್ 4000/8000 ಮಸೆಗಲ್ಲು: ಎಲ್ಲಿಂದ ಎಲ್ಲಿಯವರೆಗೆ ಸಾಕು?

ತುಕ್ಕು ತೆಗೆದು, ಹಿಡಿ ಬದಲಿಸಿ, ಅಲಗನ್ನು ಕನ್ನಡಿ ಮಾಡಿದರೂ ಸಾಣೆ ಕೂರದ ಹಳೆ ಕತ್ತಿ ಗಡ್ಡ ಕೀಳುತ್ತದೆ, ಬೋಳಿಸುವುದಿಲ್ಲ. ಆ ಸಾಣೆಗೆಂದು ಬಹಳ ಜನ ಮೊದಲು ಕೊಳ್ಳುವುದು ನಾರ್ಟನ್ ಕಂಪನಿಯ ಜೋಡಿಗಲ್ಲು: 8 ಇಂಚು ಉದ್ದ, 3 ಇಂಚು ಅಗಲ, 1 ಇಂಚು ದಪ್ಪ; ಒಂದು ಮುಖ 4000 ಗ್ರಿಟ್, ಇನ್ನೊಂದು 8000 (ಗ್ರಿಟ್ ಅಂಕಿ ಹೆಚ್ಚಿದಷ್ಟೂ ಕಲ್ಲು ನಯ). ಕೊಳ್ಳಬಹುದಾ? ಧಾರಾಳವಾಗಿ. ಆದರೆ ಇದೊಂದೇ ಸಾಕು ಅಂದುಕೊಂಡರೆ ಆರಂಭದಲ್ಲೂ ಕೊನೆಯಲ್ಲೂ ಕೈಕೊಡುತ್ತದೆ.

ಯಾವ ನೀರುಗಲ್ಲನ್ನೂ ಪೆಟ್ಟಿಗೆಯಿಂದ ತೆಗೆದ ಹಾಗೇ ಕತ್ತಿಗೆ ತೋರಿಸಬಾರದು, ಇದನ್ನೂ ಅಷ್ಟೇ. ಗುಳ್ಳೆ ನಿಲ್ಲುವವರೆಗೆ, ಸುಮಾರು 10–15 ನಿಮಿಷ, ನೀರಲ್ಲಿ ನೆನೆಸಿ. ಮುಖದ ತುಂಬ ಪೆನ್ಸಿಲ್ಲಿನಿಂದ ಚೌಕುಳಿ ಗೆರೆ ಎಳೆದು, ದಪ್ಪ ಗಾಜಿನ ಮೇಲೆ ಹಾಸಿದ 220 ಗ್ರಿಟ್ ವಾಟರ್‌ಪ್ರೂಫ್ ಎಮರಿ ಕಾಗದದ ಮೇಲೆ ಉಜ್ಜಿ. ಮೂಲೆಯಲ್ಲಿ ಒಂದೇ ಗೆರೆ ಉಳಿದರೂ ಅಲ್ಲಿ ತಗ್ಗಿದೆ ಎಂದರ್ಥ. ಕಲ್ಲಿನ ಅಂಚುಗಳನ್ನೂ ಸ್ವಲ್ಪ ಉರುಟು ಮಾಡಿ. 4000ದ ಕೆಸರನ್ನು ಚೆನ್ನಾಗಿ ತೊಳೆಯದೆ ಕಲ್ಲು ಮಗುಚಬೇಡಿ: ಒಂದು ಒರಟು ಕಣ 8000ದ ಮೇಲೆ ಉಳಿದರೆ ಅಷ್ಟೂ ಶ್ರಮ ನೀರುಪಾಲು.

ಈ ಕಲ್ಲಿನ ನಿಜವಾದ ಬೆಲೆ 4000 ಮುಖದಲ್ಲಿದೆ. ಬೇಗ ಕೊರೆಯುತ್ತದೆ, ಅಲಗು ಸರಿಯಾಗಿ ಕೂತಿದೆಯೋ ಇಲ್ಲವೋ ಬೆರಳಿಗೆ ತಿಳಿಯುತ್ತದೆ. ಮೆದು ಕಲ್ಲು, ಕತ್ತಿಯ ಬೆನ್ನು ಎತ್ತಿ ತಳ್ಳಿದರೆ ಕಲ್ಲಿಗೇ ಗಾಯ. ಆದರೆ ಚಿಪ್ಪೆದ್ದ ಬಾಯನ್ನು ಇದರಲ್ಲೇ ಸರಿಪಡಿಸಲು ಹೋಗಬೇಡಿ. ನೂರಾರು ಸಲ ಎಳೆಯಬೇಕಾಗುತ್ತದೆ, ಬೇಸರಕ್ಕೆ ಕೈ ಒತ್ತಲು ಶುರುಮಾಡುತ್ತದೆ, ಬೆನ್ನು ಸವೆಯುತ್ತದೆ. ಕೋನ ನಿಲ್ಲುವುದೇ ಬೆನ್ನಿನ ದಪ್ಪದ ಮೇಲೆ. ಬೆವೆಲ್ (ಬಾಯಂಚಿನ ಎರಡೂ ಬದಿಯ ಇಳಿಜಾರು) ಕೂರಿಸಲು 1000 ಗ್ರಿಟ್ ಕಲ್ಲು ಬೇರೆಯೇ ಇರಲಿ. ಬೆನ್ನಿಗೆ ಒಂದು ಪದರ ಎಲೆಕ್ಟ್ರಿಕಲ್ ಟೇಪ್ ಹಚ್ಚಿ, ಕಲ್ಲು ಬದಲಿಸುವಾಗ ಟೇಪನ್ನೂ ಬದಲಿಸಿ. ಟೇಪಿನಲ್ಲಿ ಶುರುಮಾಡಿ ನಡುವೆ ಕಿತ್ತರೆ ಕೋನ ಇಳಿದು, ಬಾಯಂಚು ಕಲ್ಲಿಗೆ ತಾಗುವುದೇ ಇಲ್ಲ.

3 ಇಂಚಿನ ಅಗಲ ನೋಡಿ ಇಡೀ ಅಲಗನ್ನು ಒಟ್ಟಿಗೆ ಎಳೆಯುವ ಆಸೆ ಬರುತ್ತದೆ. ಆದರೆ ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಸೋಲಿಂಗನ್ ಊರುಗಳ ಹಳೆ ಕತ್ತಿಗಳಲ್ಲಿ ಎಷ್ಟೋ ಅಲಗು ಸಣ್ಣಗೆ ತಿರುಚಿಕೊಂಡಿರುತ್ತವೆ, ಕೆಲವುದರ ಬಾಯಿ ನಗುವಿನಂತೆ ಬಾಗಿರುತ್ತದೆ. ಗುಣಾಕಾರ ಚಿಹ್ನೆಯ ಗೆರೆಯಂತೆ, ಬುಡದಿಂದ ತುದಿಗೆ, ಓರೆಯಾಗಿ ಎಳೆಯಿರಿ. ಬೆವೆಲ್‌ಗೆ ಮಾರ್ಕರ್ ಶಾಯಿ ಬಳಿದು ಎರಡು ಸಲ ಎಳೆದು ನೋಡಿ: ಶಾಯಿ ಉಳಿದ ಜಾಗಕ್ಕೆ ಕಲ್ಲು ತಾಗಿಲ್ಲ.

8000 ಮುಖದಲ್ಲಿ ಕತ್ತಿಯ ಸ್ವಂತ ಭಾರ ಸಾಕು. ಒತ್ತಿ ಒತ್ತಿ ಎಳೆದರೆ ಬಾಯಂಚಿನಲ್ಲಿ ತೆಳು ತಂತಿಯಂಥ ಏಣು ಏಳುತ್ತದೆ. ಮೊದಲ ಕ್ಷೌರಕ್ಕೇ ಮುರಿದು ಬೀಳುತ್ತದೆ. ಅದಾದರೆ ಬೆನ್ನು ಮುಂದಾಗಿ ನಾಲ್ಕೈದು ಸಲ ಹಿಂದಕ್ಕೆಳೆದು, ಮತ್ತೆ ಹಗುರವಾಗಿ ಮಸೆಯಿರಿ. ಇಲ್ಲಿಗೇ ನಿಲ್ಲಿಸಿದರೂ ಕತ್ತಿ ಬೋಳಿಸುತ್ತದೆ, ಆದರೆ ಸೂಕ್ಷ್ಮ ಚರ್ಮ ಉರಿಯುತ್ತದೆ. ಹಾಗಾಗಿ ಕೊನೆಗೆ 12000 ಗ್ರಿಟ್ ಕಲ್ಲು, ಇಲ್ಲವೇ 0.5 ಮೈಕ್ರಾನ್ ಕ್ರೋಮಿಯಂ ಆಕ್ಸೈಡ್ (ನಯಗೊಳಿಸುವ ಹಸಿರು ಪುಡಿ) ಬಳಿದ ಪಟ್ಟಿಯ ಮೇಲೆ ಹತ್ತು ಎಳೆತ, ನಂತರ ಬರಿ ಚರ್ಮದ ಪಟ್ಟಿ ಬೇಕು. ಕಲ್ಲನ್ನು ನೀರಲ್ಲೇ ಬಿಟ್ಟಿಡಬೇಡಿ. ನೆರಳಲ್ಲಿ ನಿಲ್ಲಿಸಿ ಒಣಗಿಸಿ.